ನೀರಿಗೆ ಕಟ್ಟಿದ ಬೇಲಿ

ಕೊಲ್ಲಿಯ ದಂಡೆ ಮನೆ,
ಭಾನುವಾರ, ತಾರೀಖು ಹದಿನೇಳು

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗಿದೆ? ಮೆಟ್ಟಿಲು ಹತ್ತಿ ಇಳಿಯಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀನು ಕಿವಿಗೇ ಹಾಕಿಕೊಳ್ಳುತ್ತಿಲ್ಲ ಎಂದು ಅಕ್ಕ ಬರೆದಿದ್ದಾಳೆ. ಹೇಳಿದ್ದನ್ನು ಕೇಳುವವಳಾಗಿದ್ದರೆ ನೀನು ಈ ಮನೆಗೆ ಸೇರಿದವಳೇ ಅಲ್ಲ ಬಿಡು. ಮಗು ಮಗುಚಿಕೊಳ್ಳಲು ಶುರು ಮಾಡಿದೆಯಂತೆ, ಕೇಳಿ ಸಂತೋಷವಾಯಿತು. ಹಲ್ಲು ಬರುವ ಮುಂಚೆ ಒಂದು ಸಲ ನೋಡಬೇಕು ಅನ್ನಿಸುತ್ತದೆ. ರಾತ್ರಿ ಅಳುತ್ತದೆಯೇ, ಅಕ್ಕನಿಗೆ ನಿದ್ದೆ ಸಿಗುತ್ತಿದೆಯೇ, ಎಲ್ಲ ತಿಳಿಸು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಹಾಗೆ ಬರೆಯುವುದು ವಾಡಿಕೆ, ಬರೆದಿದ್ದೇನೆ. ನಿಜ ಹೇಳಬೇಕೆಂದರೆ ನನಗೆ ಸಾಕು ಸಾಕಾಗಿಹೋಗಿದೆ.

ಫೋನು ಇರುವಾಗ ಕಾಗದ ಯಾಕೆ ಎಂದು ಭಾವ ಕೇಳಬಹುದು. ನಿನ್ನ ಕನ್ನಡಕ ರಿಪೇರಿಗೆ ಹೋಗಿರುವುದರಿಂದ ಇದನ್ನು ಓದಿ ಹೇಳುತ್ತಿರುವವರು ಅವರೇ ತಾನೆ. ಭಾವ, ಕಾರಣ ಇಷ್ಟೇ. ಫೋನು ಮಾಡಿದರೆ ನಿಮ್ಮ ಅತ್ತೆ ಮೊದಲು ಕೇಳುವುದು ‘ಅವರಿಬ್ಬರೂ ಮಾತಾಡಿದ್ರಾ?’ ಎಂದು. ‘ಇಲ್ಲ’ ಎಂದರೆ ‘ಹಾಗಾದ್ರೆ ಇಡು’ ಎಂದು ಇಟ್ಟೇಬಿಡುತ್ತಾರೆ. ಕಾಗದವನ್ನು ಅರ್ಧಕ್ಕೆ ಇಡುವುದು ಅಷ್ಟು ಸುಲಭವಲ್ಲ, ಅದರಲ್ಲೂ ಓದುತ್ತಿರುವವರು ಅಳಿಯ ಆಗಿರುವಾಗ. ದಯವಿಟ್ಟು ಒಂದು ಸಾಲನ್ನೂ ಬಿಡದೆ ಓದಿ.

ಅಮ್ಮಾ, ಬೀದಿಯವರಿಗೆಲ್ಲ ನೀನು ಅಕ್ಕನ ಹೆರಿಗೆಗೆ ಹೋಗಿದ್ದೀಯೆ ಎಂದೇ ಹೇಳಿಕೊಂಡು ಬಂದಿದ್ದೇವೆ. ಈಗೀಗ ಯಾರೂ ನಂಬುತ್ತಿಲ್ಲ. ಬ್ರೆಡ್ಡಿನ ಅಂಗಡಿಯವಳು ಮೊನ್ನೆ ‘ಎಷ್ಟು ಮಕ್ಕಳು ಹುಟ್ಟಿದ್ವು?’ ಎಂದು ಕೇಳಿದಳು. ಚೀಲ ಹಿಡಿದು ಹೊಸಿಲಲ್ಲಿ ನಿಂತು, ಅಪ್ಪನಿಗೂ ಕೇಳುವ ಹಾಗೆ, ಗೋಡೆಯಾಚೆ ಚಿಕ್ಕಪ್ಪನಿಗೂ ಕೇಳುವ ಹಾಗೆ, ‘ಈ ಅಣ್ಣ ತಮ್ಮ ಬಾಯಿ ಬಿಟ್ಟು ಮಾತಾಡಿದ ದಿನ ಹೇಳಿ ಕಳಿಸು, ಅವತ್ತೇ ಹೊರಟು ಬರ್ತೀನಿ, ಅಲ್ಲಿವರೆಗೆ ಯಾರೂ ನನ್ನ ಕರೀಬೇಡಿ’ ಎಂದು ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ದೊಡ್ಡ ಮಾತೇ ಸರಿ. ಆದರೆ ಶಿಕ್ಷೆ ಯಾರಿಗೆ ಬಿತ್ತು ಎಂದು ಯೋಚಿಸಿದೆಯಾ? ಚಿಕ್ಕಪ್ಪನಿಗೆ ಚಿಕ್ಕಮ್ಮ ಇದ್ದಾರೆ. ಅಪ್ಪ ತಮಗೇನೂ ಆಗಿಲ್ಲ ಎಂದು ಎದೆಯುಬ್ಬಿಸಿ ಓಡಾಡುತ್ತಾರೆ, ಆದರೆ ನಿನ್ನ ಚಹಾ ಲೋಟ ತೆಗೆದು ಪಾತ್ರೆಗಳ ಜೊತೆ ಇಡಲು ಹೋದರೆ ‘ಅದನ್ನ ಯಾಕೆ ಮುಟ್ತೀಯ?’ ಎಂದು ರೇಗುತ್ತಾರೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅಣ್ಣ ತಮ್ಮಂದಿರ ಜಗಳ, ಗಂಡ ಹೆಂಡಿರ ಹಠ, ಎರಡೂ ಸೇರಿ ಬಡವಾದ ಕೂಸಿಗೆ ಮೂವತ್ತೊಂದು ವರ್ಷ, ಪ್ರಯೋಗಾಲಯದಲ್ಲಿ ಕೆಲಸ.

ಭಾವ, ನೀವು ಲೆಕ್ಕಪತ್ರದ ಮನುಷ್ಯರು, ಮದುವೆಯ ದಿನ ನಮ್ಮ ಪಚ್ಚಿಲೆಯನ್ನು ನೋಡಿ ‘ಈ ಮೀನಿಗೆ ತಲೆ ಎಲ್ಲಿ?’ ಎಂದು ಕೇಳಿದವರು. ಆದ್ದರಿಂದ ನಿಮಗಾಗಿ ಮೊದಲಿನಿಂದ ಹೇಳುತ್ತೇನೆ. ಪಚ್ಚಿಲೆ ಮೀನಲ್ಲ. ಎರಡು ಚಿಪ್ಪಿನ ನಡುವೆ ಬದುಕುವ ಮೆತ್ತನೆಯ ಜೀವ. ಬಂಡೆಗೋ ಹಗ್ಗಕ್ಕೋ ಒಮ್ಮೆ ಅಂಟಿಕೊಂಡರೆ ಅಲ್ಲೇ ಅದರ ಸಂಸಾರ. ನಾವು ಕೊಲ್ಲಿಯಲ್ಲಿ ತೇಲುಗುಂಡುಗಳಿಗೆ ಹಗ್ಗ ಇಳಿಬಿಡುತ್ತೇವೆ, ಅದರ ಮರಿಗಳು, ನಾವು ಬೀಜ ಎನ್ನುವುದು ಇವನ್ನೇ, ನೀರಿನಲ್ಲಿ ತೇಲಿಬಂದು ತಾವಾಗಿ ಹಗ್ಗಕ್ಕೆ ಕೂರುತ್ತವೆ, ಬೆಳೆದ ಮೇಲೆ ಎಳೆದು ಮಾರುತ್ತೇವೆ. ಅಜ್ಜ ಇರುವವರೆಗೆ ಕೊಲ್ಲಿಯಲ್ಲಿದ್ದ ಹಗ್ಗಗಳೆಲ್ಲ ಒಂದೇ ಮನೆಯವು. ಅವರು ಹೋದ ಮೇಲೆ ಪಾಲಾಯಿತು. ನದಿಯ ಸಿಹಿನೀರು ಬಂದು ಸೇರುವ ಒಳಭಾಗ ಅಪ್ಪನಿಗೆ, ಕಡಲ ಕಡೆಯ ಹೊರಭಾಗ ಚಿಕ್ಕಪ್ಪನಿಗೆ. ಚಿಪ್ಪು ತೊಳೆಯುವ ಯಂತ್ರ ಅಪ್ಪನಿಗೆ, ಹಗ್ಗ ಎಳೆಯುವ ರಾಟೆಯಿರುವ ದೋಣಿ ಚಿಕ್ಕಪ್ಪನಿಗೆ. ಒಬ್ಬರದು ಇಲ್ಲದೆ ಇನ್ನೊಬ್ಬರದು ನಡೆಯುವುದಿಲ್ಲ, ಆದ್ದರಿಂದ ಇಬ್ಬರೂ ಹೊಂದಿಕೊಂಡೇ ಇರುತ್ತಾರೆ ಎಂದು ಪಾಲು ಮಾಡಿದ ಹಿರಿಯರು ಅಂದುಕೊಂಡಿರಬೇಕು. ಪಾಪ, ಅವರಿಗೆ ಈ ಇಬ್ಬರ ಪರಿಚಯವಿರಲಿಲ್ಲ.

ಈ ಕೊಲ್ಲಿಯಲ್ಲಿ ಪಚ್ಚಿಲೆ ಎರಡು ಜಾತಿ. ಸಿಹಿನೀರನ್ನು ತಡೆದುಕೊಳ್ಳುವ ತೆಳುಚಿಪ್ಪಿನದು ಒಳಗೆ, ಉಪ್ಪುನೀರು ಬೇಡುವ ದಪ್ಪಚಿಪ್ಪಿನದು ಹೊರಗೆ. ದೂರದ ಜಾತಿಗಳಲ್ಲ, ದಾಯಾದಿಗಳು. ಎರಡರ ನೀರೂ ಸೇರುವ ಕಡೆ ಅವುಗಳ ನಡುವೆ ಮರಿ ಹುಟ್ಟುತ್ತದೆ, ಆ ಮರಿಗೂ ಮರಿ ಹುಟ್ಟುತ್ತದೆ. ನಮ್ಮ ಪ್ರಯೋಗಾಲಯದಲ್ಲಿ ನಾನು ಮಾಡುವ ಕೆಲಸವೇ ಇದು: ಯಾವ ಚಿಪ್ಪಿನೊಳಗೆ ಯಾವ ಜಾತಿಯ ಪಾಲು ಎಷ್ಟಿದೆ ಎಂದು ನೋಡುವುದು. ಪ್ರಪಂಚದ ಎಷ್ಟೋ ಕಡಲತೀರಗಳಲ್ಲಿ ಹೀಗೆ ದಾಯಾದಿ ಪಚ್ಚಿಲೆಗಳು ಬೆರೆತಿವೆ, ಯಾರೂ ಅದಕ್ಕಾಗಿ ಊಟ ಬಿಟ್ಟಿಲ್ಲ. ನಮ್ಮ ಮನೆಯಲ್ಲಿ ಮಾತು ಬಿಟ್ಟರು.

ಶುರುವಾದದ್ದು ನಿನಗೆ ಗೊತ್ತೇ ಇದೆ. ಎರಡು ವರ್ಷದ ಹಿಂದೆ ಚಿಕ್ಕಪ್ಪನ ಪಚ್ಚಿಲೆ ನಮ್ಮ ತೊಳೆಯುವ ಯಂತ್ರದಲ್ಲಿ ಪಟಪಟ ಒಡೆಯತೊಡಗಿತು. ಅವರು ಖರೀದಿಗೆ ಬಂದವನ ಎದುರು ‘ಅಣ್ಣನ ಕಡೆಯ ತೆಳು ಬೀಜ ಬಂದು ನನ್ನದನ್ನ ಕೆಡಿಸಿತು’ ಎಂದರು. ಅದು ಅಪ್ಪನ ಕಿವಿಗೆ ಬಿತ್ತು. ಅಪ್ಪ ತಮ್ಮ ಪಚ್ಚಿಲೆಯಲ್ಲಿ ಈಗ ಚಿಪ್ಪೇ ಜಾಸ್ತಿ, ಮಾಂಸ ಕಡಿಮೆ, ಅದಕ್ಕೆ ತಮ್ಮನ ದಪ್ಪ ಬೀಜವೇ ಕಾರಣ ಎಂದು ತಿರುಗಿಸಿ ಕೊಟ್ಟರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಇಬ್ಬರೂ ಕುಣಿಯುವುದು ಬಿಟ್ಟು ನೀರೇ ಡೊಂಕು ಎನ್ನುತ್ತಿದ್ದಾರೆ. ಅವತ್ತಿನಿಂದ ಅಪ್ಪ ಹಗ್ಗಗಳನ್ನು ಕೈಯಲ್ಲೇ ಎಳೆಯುತ್ತಾರೆ, ಚಿಕ್ಕಪ್ಪ ಚಿಪ್ಪುಗಳನ್ನು ಕೈಯಲ್ಲೇ ತೊಳೆಯುತ್ತಾರೆ. ಒಬ್ಬರಿಗೆ ಸೊಂಟ ನೋವು, ಇನ್ನೊಬ್ಬರಿಗೆ ಬೆರಳು ತುಂಬ ಗಾಯ. ಎರಡು ಮನೆಗೂ ಮುಲಾಮು ತರುವವಳು ನಾನು.

ನೀನು ಹೋದ ಮೇಲೆ, ಇನ್ನು ವಿಜ್ಞಾನವೇ ದಾರಿ ಎಂದುಕೊಂಡು, ಎರಡೂ ಕಡೆಯ ಚಿಪ್ಪು ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿದೆ. ಅಪ್ಪನೇ ಹೇಳಿದ್ದು, ‘ನಿನ್ನ ಮಷಿನ್‌ಗೆ ಹಾಕಿ ನೋಡು, ಯಾರು ಯಾರ ಮನೆಗೆ ನುಗ್ಗಿದ್ದು ಅಂತ ತೀರ್ಮಾನ ಆಗಲಿ’ ಎಂದು. ಚಿಕ್ಕಪ್ಪನೂ ‘ನೋಡಲಿ, ನನಗೇನು ಭಯ’ ಎಂದು ಚಿಕ್ಕಮ್ಮನ ಕೈಯಲ್ಲಿ ಹೇಳಿ ಕಳಿಸಿದರು. ಫಲಿತಾಂಶ ಬಂತು: ಎರಡೂ ಕಡೆ ಅಪ್ಪಟ ಒಂದೇ ಜಾತಿಯದು ಎಂದು ಹೇಳುವಂಥದ್ದು ಹುಡುಕಿದರೆ ಸಿಗಬೇಕು, ಉಳಿದದ್ದೆಲ್ಲ ಬೆರೆತದ್ದು. ಕೆಲವು ಅರ್ಧ ಅರ್ಧ, ಕೆಲವು ಮುಕ್ಕಾಲು ಕಾಲು. ಆಗ ನನ್ನ ಬಾಯಿಂದ ಒಂದು ಮಾತು ಬಂತು, ಅದರ ಫಲ ಇವತ್ತಿಗೂ ಉಣ್ಣುತ್ತಿದ್ದೇನೆ. ಚಿಕ್ಕಪ್ಪನ ಅಂಗಳದಲ್ಲಿ ನಿಂತು ‘ಎರಡೂ ಕಡೆಯವು ಬೆರಕೆ ಚಿಕ್ಕಪ್ಪ’ ಎಂದೆ. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡಿದ್ದ ಚಿಕ್ಕಮ್ಮನಿಗೆ ಕೇಳಿಸಿದ್ದು ‘ಬೆರಕಿ’ ಎಂದು. ಬೆರಕೆ ಎಂದರೆ ಬೆರೆತದ್ದು, ಬೆರಕಿ ಎಂದರೆ ಕಿಲಾಡಿ, ಒಳಗೊಳಗೇ ಕತ್ತರಿ ಆಡಿಸುವವನು. ಒಂದು ಅಕ್ಷರದ ವ್ಯತ್ಯಾಸ ಎಷ್ಟು ದೂರ ಹೋಗಬಹುದು ಹೇಳು. ಸಂಜೆಯ ಹೊತ್ತಿಗೆ ‘ಅಣ್ಣ ಮಗಳ ಕೈಲಿ ನಮ್ಮನ್ನ ಬೆರಕಿ ಅನ್ನಿಸಿದಾನೆ, ಅದೂ ನಮ್ಮ ಅಂಗಳದಲ್ಲೇ ನಿಂತು’ ಎಂದು ಬಂದರಿನವರೆಗೂ ಸುದ್ದಿ.

ಇತ್ತ ಅಪ್ಪನಿಗೆ ಬೆರಕೆ ಎಂದೇ ಸರಿಯಾಗಿ ಕೇಳಿಸಿತ್ತು, ಅದೂ ಸರಿಹೋಗಲಿಲ್ಲ. ‘ಹಾಲಿಗೆ ನೀರು ಬೆರೆಸೋನಿಗೆ ಹೇಳೋ ಮಾತು ಅದು. ನಲವತ್ತು ವರ್ಷ ಕಷ್ಟಪಟ್ಟು ಬೆಳೆಸಿದ್ದಕ್ಕೆ ಬೆರಕೆ ಅಂತೀಯಾ?’ ಎಂದು ಚಮಚ ಕೆಳಗಿಟ್ಟು ಎದ್ದುಹೋದರು. ಮಾತು ಬದಲಾಯಿಸಿ ನೋಡಿದೆ. ಮಿಶ್ರತಳಿ ಎಂದೆ, ‘ನಮ್ಮದೇನು ಹಸುವಾ?’ ಎಂದರು. ಕಸಿ ಎಂದೆ, ‘ಕಸಿ ಮಾಡಿದೋನು ಯಾರು, ಅವನ ಹೆಸರು ಹೇಳು’ ಎಂದರು. ಕೊನೆಗೆ ‘ಕೂಡಿದವು’ ಎಂದೆ, ಅದಕ್ಕೆ ಅವರು ನನ್ನ ಮುಖ ನೋಡಿದ ರೀತಿಗೆ ನಾನೇ ಎದ್ದು ಒಳಗೆ ಹೋದೆ. ಇಷ್ಟು ದೊಡ್ಡ ಭಾಷೆಯಲ್ಲಿ ಎರಡು ಜೀವ ಬೆರೆತವು ಎಂದು ಯಾರಿಗೂ ಬೈಗುಳವಾಗದ ಹಾಗೆ ಹೇಳಲು ಒಂದು ಪದ ಇಲ್ಲವೇ ಅಮ್ಮಾ? ನಿನಗೆ ಹೊಳೆದರೆ ಬರೆದು ಕಳಿಸು.

ಇನ್ನೊಂದು ಪ್ರಯತ್ನವನ್ನೂ ಮಾಡಿದೆ. ಶೆಡ್ಡಿನ ಹೊಸಿಲಿಗೆ ಅಜ್ಜ ಹಸಿ ಸಿಮೆಂಟಿನಲ್ಲಿ ಚಿಪ್ಪು ಒತ್ತಿ ಹೂವಿನ ಹಾಗೆ ಮಾಡಿದ್ದಾರಲ್ಲ, ನೀನು ಪ್ರತಿಸಲ ಎಡವುವ ಜಾಗ, ಅಲ್ಲಿಂದ ನಾಲ್ಕು ಚಿಪ್ಪು ಉಳಿಯಿಂದ ಎಬ್ಬಿಸಿದೆ. ಪಾಲಾಗುವ ಎಷ್ಟೋ ಮುಂಚಿನವು. ಹಳೆಯ ಚಿಪ್ಪಿನಲ್ಲಿ ಏನೂ ಸಿಗುವುದಿಲ್ಲ ಎಂದು ಪ್ರಯೋಗಾಲಯದಲ್ಲಿ ನಗುತ್ತಿದ್ದರು. ಎರಡರಲ್ಲಿ ಏನೂ ಸಿಗಲಿಲ್ಲ, ಎರಡರಲ್ಲಿ ಸಿಕ್ಕಿತು. ಆಗಲೇ ಬೆರೆತಿದ್ದವು. ನಿಜ ಹೇಳುತ್ತೇನೆ, ಆ ಮಧ್ಯಾಹ್ನ ನನಗೆ ಕಣ್ಣಲ್ಲಿ ನೀರು ಬಂತು, ಅಜ್ಜನ ಹೆಬ್ಬೆರಳು ಒತ್ತಿದ ಚಿಪ್ಪಿನಿಂದ ನಾಲ್ಕು ಮಾತು ಕೇಳಿಸಿಕೊಂಡ ಹಾಗಾಯಿತು. ಓಡಿಬಂದು ಅಪ್ಪನಿಗೆ ಹೇಳಿದೆ: ಅಪ್ಪಾ, ಯಾರೂ ಯಾರ ಮನೆಗೂ ನುಗ್ಗಿಲ್ಲ, ಅಜ್ಜನ ಕಾಲದಲ್ಲೇ ಇವು ಹೀಗೇ ಇದ್ದವು. ಅಪ್ಪ ಹೇಳಿದರು: ‘ಅಂದ್ರೆ ಅವನು ಆಗಿಂದಲೇ ಶುರು ಮಾಡಿದಾನೆ.’ ಆಗ ಚಿಕ್ಕಪ್ಪ ಶಾಲೆಗೆ ಹೋಗುತ್ತಿದ್ದರು. ಚಿಕ್ಕಪ್ಪನ ತೀರ್ಪು ಇನ್ನೂ ಚೆನ್ನಾಗಿತ್ತು: ‘ನಮ್ಮಪ್ಪನ ಹೊಸಿಲನ್ನ ಕಿತ್ತು ಹಾಕಿದ್ದಾಳೆ, ಅದಕ್ಕೆ ಪರೀಕ್ಷೆ ಅಂತ ಹೆಸರು.’ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ವಿಜ್ಞಾನ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಾಗದ ಬರೆಯುತ್ತಿರಲಿಲ್ಲ. ಅಪ್ಪ ನೀರಿಗೆ ಬೇಲಿ ಕಟ್ಟಿದರು. ತಮಾಷೆಯಲ್ಲ. ಹಳೆಯ ಮೀನಿನ ಬಲೆಗಳನ್ನು ಒಂದಕ್ಕೊಂದು ಹೊಲಿದು, ಮೇಲೆ ತೇಲುಗುಂಡು ಕೆಳಗೆ ಕಲ್ಲು ಕಟ್ಟಿ, ಪಾಲಿನ ಗೆರೆಯ ಮೇಲೆ ಕೊಲ್ಲಿಗೆ ಅಡ್ಡ ಬಿಟ್ಟರು, ತಮ್ಮನ ಕಡೆಯ ಬೀಜ ಬರದ ಹಾಗೆ. ಪಚ್ಚಿಲೆಯ ಬೀಜ ಉಪ್ಪಿನ ಹರಳಿಗಿಂತ ಸಣ್ಣದು, ಬಲೆಯ ಒಂದು ಕಣ್ಣಿನಲ್ಲಿ ಒಂದೇ ಸಲಕ್ಕೆ ಸಾವಿರ ನುಗ್ಗುತ್ತವೆ ಎಂದು ಬಾಯಿ ನೋಯುವವರೆಗೆ ಹೇಳಿದೆ. ‘ಏನೂ ಇಲ್ಲದ್ದಕ್ಕಿಂತ ವಾಸಿ’ ಎಂದರು. ಚಿಕ್ಕಪ್ಪನಾದರೂ ತಡೆಯುತ್ತಾರೆ ಎಂದುಕೊಂಡು ಅವರ ಹತ್ತಿರ ಓಡಿದೆ. ಅವರು ಆರಾಮಾಗಿ ‘ಒಳ್ಳೇದಾಯ್ತು, ಅವನ ಬೀಜ ನನ್ನ ಕಡೆ ಬರೋದು ತಪ್ಪಿತು. ಈ ಕಡೆ ತುದಿ ನಾನೇ ಕಟ್ಟಿಕೊಳ್ತೀನಿ ಅಂತ ನಿಮ್ಮಪ್ಪನಿಗೆ ಹೇಳು’ ಎಂದರು. ಎರಡು ವರ್ಷದಲ್ಲಿ ಅವರಿಬ್ಬರೂ ಒಪ್ಪಿಕೊಂಡದ್ದು ಇದೊಂದನ್ನೇ. ಬೇಲಿ ಗಟ್ಟಿ ಇರಲಿ ಎಂದು ಇಬ್ಬರೂ ತಮ್ಮ ತಮ್ಮ ಹಗ್ಗಸಾಲಿನ ಮುಖ್ಯ ಹಗ್ಗಕ್ಕೇ ಅದನ್ನು ಬಿಗಿದರು. ಕೋಲಿನಿಂದ ಹೊಡೆದರೆ ನೀರು ಎರಡಾಗುತ್ತದೆಯೇ ಎಂದು ಅಜ್ಜಿ ಹೇಳುತ್ತಿದ್ದರು. ಅಜ್ಜಿಯ ಗಂಡುಮಕ್ಕಳು ಇವರೇ.

ಪಚ್ಚಿಲೆಗೆ ಬೇಕಾದದ್ದು ಏನು ಭಾವ? ನೀರಿನಲ್ಲಿ ಅಲ್ಲಾಡದೆ ನಿಂತಿರುವ ಹಗ್ಗ, ದಾರ, ಬಲೆ, ಏನಾದರೂ ಒಂದು. ಎರಡು ನೀರೂ ಸೇರುವ ಸರಿಯಾದ ಜಾಗದಲ್ಲಿ, ಈ ತುದಿಯಿಂದ ಆ ತುದಿಗೆ, ನಮ್ಮವರು ಅದಕ್ಕೆ ತೊಟ್ಟಿಲು ಕಟ್ಟಿಕೊಟ್ಟರು. ಎರಡೂ ಕಡೆಯ ಬೀಜ ಬಂದು ಬಲೆಗೆ ಕೂತು, ಈ ಕೊಲ್ಲಿಯಲ್ಲಿ ಯಾವತ್ತೂ ಆಗದ ಬೆಳೆ ಬೇಲಿಯ ಮೇಲೆ ಆಗಿದೆ. ಕಪ್ಪಗೆ, ಒತ್ತೊತ್ತಾಗಿ, ದಾರ ಕಾಣದ ಹಾಗೆ. ನೋಡಿದರೆ ನಗು ಬರುತ್ತದೆ, ಅಳುವೂ ಬರುತ್ತದೆ. ಕೆಲವನ್ನು ತಂದು ಪರೀಕ್ಷಿಸಿದೆ, ಎಲ್ಲ ಬೆರೆತವೇ. ತೊಳೆಯುವ ಯಂತ್ರಕ್ಕೆ ಹಾಕಿದೆ, ಕೆಲವು ಒಡೆದವು, ಕೆಲವು ಒಡೆಯಲಿಲ್ಲ. ಅವುಗಳಿಂದ ಯಾರಿಗೂ ನೀತಿಪಾಠ ಹೇಳಿಸುವ ಆಸೆ ನನಗಿಲ್ಲ.

ಆದರೆ ಆ ಬೆಳೆ ಯಾರದು? ‘ಅವನ ಬೀಜ, ಅವನೇ ಎತ್ತಿಕೊಳ್ಳಲಿ’ ಎಂದು ಅಪ್ಪ. ‘ಬಲೆ ಅವನದು, ಬೆರಕೇನೂ ಅವನೇ ಇಟ್ಟುಕೊಳ್ಳಲಿ’ ಎಂದು ಚಿಕ್ಕಪ್ಪ. ಮುಟ್ಟಿದವನು ತನ್ನದು ಬೆರಕೆ ಎಂದು ಒಪ್ಪಿಕೊಂಡ ಹಾಗಾಗುತ್ತದಂತೆ. ಹೀಗೆ ಬಿಟ್ಟು ಬಿಟ್ಟು ಈಗ ಬಲೆಯ ಭಾರಕ್ಕೆ ತೇಲುಗುಂಡುಗಳು ಮುಳುಗುತ್ತಿವೆ. ಅದರ ಜೊತೆ ಎರಡೂ ಕಡೆಯ ಮುಖ್ಯ ಹಗ್ಗ ಜಗ್ಗುತ್ತಿದೆ. ಮಂಗಳವಾರದಿಂದ ಜೋರು ಗಾಳಿ ಎಂದು ಬಂದರು ಕಚೇರಿಯವರು ಹಲಗೆಯ ಮೇಲೆ ಬರೆದಿದ್ದಾರೆ. ಆ ಗಾಳಿಗೆ ಬಲೆ ತಳಕ್ಕೆ ಹೋದರೆ ಇಬ್ಬರ ಸಾಲನ್ನೂ ಎಳೆದುಕೊಂಡೇ ಹೋಗುತ್ತದೆ. ಆಮೇಲೆ ಜಗಳ ಆಡಲು ಒಳಗೂ ಇಲ್ಲ, ಹೊರಗೂ ಇಲ್ಲ.

ಇದನ್ನು ಹೇಳಲು ಎರಡು ಮನೆಯ ನಡುವೆ ಎಷ್ಟು ಸಲ ಓಡಾಡಿದ್ದೇನೋ, ಚಿಕ್ಕಮ್ಮ ನನಗೆ ‘ಟಪಾಲು’ ಎಂದು ಹೆಸರಿಟ್ಟಿದ್ದಾರೆ. ಕೊನೆಗೆ ನಿನ್ನೆ ಗೋಡೆಯ ಮೇಲೆ ಹತ್ತಿ ಕೂತು, ಎರಡೂ ಅಂಗಳಕ್ಕೆ ಕೇಳುವ ಹಾಗೆ, ನಾನೊಬ್ಬಳೇ ದೋಣಿ ತೆಗೆದುಕೊಂಡು ಹೋಗುತ್ತೇನೆ ಎಂದೆ. ನನಗೆ ದೋಣಿ ನಡೆಸಲು ಬರುವುದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತು. ಅಪ್ಪ ನೆಲ ನೋಡುತ್ತ ‘ನಾಳಿದ್ದು ಬೆಳಗ್ಗೆ ಬಲೆ ಎತ್ತೋಣ ಅಂತ ನಿನ್ನ ಚಿಕ್ಕಪ್ಪನಿಗೆ ಹೇಳು’ ಎಂದರು. ಚಿಕ್ಕಪ್ಪ ಆಕಾಶ ನೋಡುತ್ತ ‘ದೋಣಿ ತರ್ತೀನಿ ಅಂತ ನಿಮ್ಮಪ್ಪನಿಗೆ ಹೇಳು’ ಎಂದರು. ಇಬ್ಬರ ನಡುವೆ ಒಂದು ಗೋಡೆ, ಅದೂ ಸೊಂಟದ ಎತ್ತರದ್ದು. ನಾನು ಎರಡೂ ಮಾತನ್ನು ಶ್ರದ್ಧೆಯಿಂದ ದಾಟಿಸಿದೆ.

ಆದ್ದರಿಂದ ಅಮ್ಮಾ, ನಾಳೆ ನಾವು ಮೂವರೂ ಒಂದೇ ದೋಣಿಯಲ್ಲಿ ಹೋಗುತ್ತೇವೆ. ಇವರು ಮಾತಾಡುತ್ತಾರೆ ಎಂಬ ಆಸೆ ಇಟ್ಟುಕೊಳ್ಳಬೇಡ, ನಾನೂ ಇಟ್ಟುಕೊಂಡಿಲ್ಲ. ನಾನು ಕೇಳುವುದು ಒಂದೇ, ನಿನ್ನ ಮಾತನ್ನು ಸ್ವಲ್ಪ ಸಡಿಲ ಮಾಡು. ಅವರ ಹಠ ಕರಗಲಿ ಎಂದು ನೀನು ಹಠ ಹಿಡಿದಿದ್ದೀಯೆ, ಈ ಮನೆಯಲ್ಲಿ ಯಾರ ಹಠ ಯಾವಾಗ ಕರಗಿದೆ? ನೀನಿಲ್ಲದೆ ಅಪ್ಪ ಸೊರಗಿದ್ದಾರೆ. ನನಗೂ ನೀನು ಬೇಕು. ಇಷ್ಟು ನೇರವಾಗಿ ಬರೆದದ್ದನ್ನು ಭಾವ ಓದುವಾಗ ನನಗೆ ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಅಕ್ಕನಿಗೆ ನನ್ನ ನೆನಪು ಹೇಳು. ಮಗುವಿನ ಎರಡೂ ಪಾದಕ್ಕೆ ಚಿಕ್ಕಮ್ಮನ ಮುತ್ತು. ಅದಕ್ಕೆ ನಾನು ಚಿಕ್ಕಮ್ಮ ಆಗಿಬಿಟ್ಟೆ ಎಂದು ಬರೆಯುವಾಗಲೇ ಹೊಳೆಯಿತು. ಇಷ್ಟು ಹೊತ್ತು ಬಾಯಿ ಒಣಗಿಸಿಕೊಂಡು ಓದಿದ ಭಾವನಿಗೆ ಒಂದು ಲೋಟ ಚಹಾ ಕೊಡು. ನಿನ್ನ ಕಾಲಿನ ಬಗ್ಗೆ ಎಚ್ಚರವಿರಲಿ.

ನಿನ್ನ ಕಿರಿಮಗಳು,
ಎರಡು ಮನೆಯ ಟಪಾಲು

ತಾ.ಕ.: ಸೋಮವಾರ ಮಧ್ಯಾಹ್ನ. ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಕೈ ಒದ್ದೆಯಾಗಿದೆ, ಅಕ್ಷರ ಹರಡಿದ್ದರೆ ಭಾವ ಹೇಗಾದರೂ ಓದಿಕೊಳ್ಳಲಿ. ಹೋಗಿ ಬಂದೆವು. ಅಪ್ಪ ದೋಣಿಯ ಮುಂದೆ, ಚಿಕ್ಕಪ್ಪ ಹಿಂದೆ ರಾಟೆಯ ಹತ್ತಿರ, ನಡುವೆ ಟಪಾಲು. ‘ನಿಧಾನಕ್ಕೆ ಸುತ್ತು ಅಂತ ಹೇಳು’, ‘ನಿಧಾನಕ್ಕೇ ಸುತ್ತುತ್ತಿದೀನಿ ಅಂತ ಹೇಳು’, ಹೀಗೆ ಅರ್ಧ ಬಲೆ ಮೇಲೆ ಬಂತು. ಆಗ ದೋಣಿ ವಾಲಿತು, ಹಗ್ಗ ರಾಟೆಯಿಂದ ಜಾರಿತು, ಚಿಕ್ಕಪ್ಪ ಅದನ್ನು ಬರಿಗೈಯಲ್ಲಿ ಹಿಡಿಯಲು ಹೋದರು. ನನ್ನ ಮೂಲಕ ಹೇಳಿ ಕಳಿಸುವಷ್ಟು ಹೊತ್ತಿರಲಿಲ್ಲ. ಅಪ್ಪ ಕೂಗಿದರು, ‘ಕೈ ತೆಗಿಯೋ ಕತ್ತೆ, ಬೆರಳು ಹೋಗುತ್ತೆ.’ ಚಿಕ್ಕಪ್ಪ ಕೈ ತೆಗೆದರು. ಅರ್ಧ ಬಲೆ ಹರಿದು ತಳ ಸೇರಿತು, ಅರ್ಧ ದೋಣಿಗೆ ಬಂತು. ಇಬ್ಬರ ಸಾಲೂ ಉಳಿಯಿತು, ಬೆರಳುಗಳೂ ಉಳಿದವು. ಆಮೇಲೆ ಚಿಕ್ಕಪ್ಪ, ನನ್ನ ಕಡೆ ನೋಡದೆ, ನೇರವಾಗಿ ಅಪ್ಪನಿಗೇ, ‘ಕತ್ತೆ ಅಂತ ಯಾರಿಗೆ ಹೇಳ್ತೀಯ? ಹಗ್ಗ ಸಡಿಲ ಬಿಟ್ಟೋನು ನೀನು’ ಎಂದರು. ಅಲ್ಲಿಂದ ದಂಡೆ ಮುಟ್ಟುವವರೆಗೂ ಬೈದಾಡಿಕೊಂಡರು. ಎರಡು ವರ್ಷದ್ದು ಬಾಕಿ ಇತ್ತಲ್ಲ. ನಾನು ಒಂದು ಮಾತನ್ನೂ ದಾಟಿಸಬೇಕಾಗಲಿಲ್ಲ. ಈಗಲೂ ಶೆಡ್ಡಿನಲ್ಲಿ, ತೊಳೆಯುವ ಯಂತ್ರದ ಸದ್ದಿಗಿಂತ ಮೇಲೆ, ಯಾವುದು ಯಾರ ಬೀಜ ಎಂದು ಒಂದೊಂದೇ ಚಿಪ್ಪು ಎತ್ತಿ ಎತ್ತಿ ಜಗಳವಾಡುತ್ತಿದ್ದಾರೆ. ಇಬ್ಬರ ಊಹೆಯೂ ತಪ್ಪು, ನಾನು ಬಾಯಿ ಬಿಟ್ಟಿಲ್ಲ.

ಅಪ್ಪ ಈಗ ತಾನೇ ಬಾಗಿಲಿಗೆ ಬಂದು, ಕೈ ಒರೆಸಿಕೊಳ್ಳುತ್ತ, ಬೇರೆ ಕಡೆ ನೋಡುತ್ತ ಹೇಳಿ ಹೋದರು: ‘ಕಾಗದ ಇನ್ನೂ ಹಾಕಿಲ್ಲ ತಾನೆ? ನಾವು ಮಾತಾಡಿದ್ವಿ ಅಂತ ನಿಮ್ಮಮ್ಮನಿಗೆ ಬರಿ. ಏನು ಮಾತಾಡಿದ್ವಿ ಅಂತ ಬರೀಬೇಡ.’ ನಾನು ಆಗಲೇ ಬರೆದುಬಿಟ್ಟಿದ್ದೇನೆ. ನೀನೂ ಹೊಸಿಲಲ್ಲಿ ‘ಮಾತಾಡಿದ ದಿನ’ ಎಂದಿದ್ದೆ, ಎಂಥ ಮಾತು ಎಂದು ಹೇಳಿರಲಿಲ್ಲ. ಹೊರಟು ಬಾ.